ರಾಗಿ ಹೊಲಕ್ಕೆ ಅಕ್ಕಡಿ ಹಾಕಿದರೆ ಮಣ್ಣು ಸುಧಾರಿಸುತ್ತದಾ? ಮಾಡಿದವರು ಹೇಳಿ

ತುಮಕೂರು ಕಡೆ ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿ (ಮಳೆ ನಂಬಿದ ಹೊಲ) ನಮ್ಮದು. ಏಳೆಂಟು ವರ್ಷದಿಂದ ಬರೀ ರಾಗಿ. ಗೊಬ್ಬರ ಕೊಟ್ಟರೂ ತೆನೆ ಸಣ್ಣಗಾಗುತ್ತಿದೆ. ರಾಗಿ ಸಾಲುಗಳ ನಡುವೆ ತೊಗರಿ, ಅವರೆಯಂಥ ಅಕ್ಕಡಿ ಸಾಲು ಹಾಕಿದರೆ ಮಣ್ಣಿಗೆ ಶಕ್ತಿ ಬರುತ್ತದಾ? ರಾಗಿ ಇಳುವರಿ ಬೀಳುತ್ತದಾ?

ಉತ್ತರ 1
ಕುಣಿಗಲ್ ಹತ್ತಿರ ನಮ್ಮದೂ ಇದೇ ಮಣ್ಣು. ಆರು ವರ್ಷದಿಂದ ಅಕ್ಕಡಿ ಬಿಟ್ಟಿಲ್ಲ. ಮೊದಲ ವರ್ಷ ಆಸೆಗೆ ಬಿದ್ದು ನಾಲ್ಕು ಸಾಲಿಗೊಂದು ತೊಗರಿ ಹಾಕಿದೆ. ನೆರಳಿಗೆ ಪಕ್ಕದ ರಾಗಿ ಸೊರಗಿತು. ಈಗ 8 ಸಾಲು ರಾಗಿಗೆ 2 ಸಾಲು ತೊಗರಿ. ಅವರೆಯಾದರೆ 8ಕ್ಕೆ 1.

ರಾಗಿ ಸ್ವಲ್ಪ ಕಡಿಮೆ ಬಂದೇ ಬರುತ್ತದೆ, ಆ ಜಾಗ ತೊಗರಿಗೆ ಹೋಯಿತಲ್ವಾ. ಆದರೆ ತೆನೆ ಕಟ್ಟುವಾಗ ಮಳೆ ಕೈಕೊಟ್ಟ ವರ್ಷ ನಮ್ಮ ಮನೆ ನಡೆದದ್ದು ತೊಗರಿಯಿಂದ. ಅದರ ಬೇರು ಆಳಕ್ಕೆ ಇಳಿದಿರುತ್ತದೆ. ಹಿಂಗಾರಿನಲ್ಲಿ ಒಂದು ಹದ ಮಳೆ ಬಿದ್ದರೂ ಚೇತರಿಸಿಕೊಳ್ಳುತ್ತದೆ.

ಮಣ್ಣಿಗೆ ಏನಾಗುತ್ತಿದೆ ಅಂತ ನೀವೇ ನೋಡಬಹುದು. ಒಂದೂವರೆ ತಿಂಗಳ ಅವರೆ ಗಿಡವನ್ನು ಸಲಿಕೆ ಹಾಕಿ ಮೆಲ್ಲಗೆ ಎಬ್ಬಿಸಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿದುಬಿಡುತ್ತದೆ. ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪಿದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ. ಬೂದಿ ಬಣ್ಣ ಇಲ್ಲವೇ ಹಸಿರಿದ್ದರೆ ಕೆಲಸ ನಡೆಯುತ್ತಿಲ್ಲ. ನನ್ನ ಹೊಲದಲ್ಲಿ ಮೊದಲು ಬೂದಿಯೇ ಇತ್ತು. ಮರುವರ್ಷ ಬೀಜಕ್ಕೆ ರೈಜೋಬಿಯಂ (ಗಂಟಿನಲ್ಲಿದ್ದು ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಲೇಪಿಸಿ ಬಿತ್ತಿದೆ, ಬಣ್ಣ ತಿರುಗಿತು. ಅವತ್ತು ಆದ ಖುಷಿ ಹೇಳತೀರದು.

ಉತ್ತರ 2
ನಾವು ಒಂದು ವರ್ಷ ಕಡ್ಲೆಕಾಯಿ, ಒಂದು ವರ್ಷ ರಾಗಿ. ಒಂದು ತಪ್ಪು ಮಾಡಬೇಡಿ. ಕಡ್ಲೆಕಾಯಿ ಕಿತ್ತಾಗ ಬೇರು, ಗಂಟು, ಬಳ್ಳಿ ಎಲ್ಲಾ ಹೊಲದಿಂದ ಆಚೆ ಹೋಗುತ್ತದೆ. ಬಳ್ಳಿ ದನಕ್ಕೆ ಹಾಕಿದರೆ ಆ ಸಗಣಿ ಗೊಬ್ಬರ ಅದೇ ಹೊಲಕ್ಕೆ ವಾಪಸ್ ಬರಬೇಕು. ನಾವು ಮೂರು ವರ್ಷ ಬಳ್ಳಿ ಮಾರಿಕೊಂಡೆವು, ರಾಗಿಯಲ್ಲಿ ಏನೂ ಫರಕು ಕಾಣಲಿಲ್ಲ. ತೊಗರಿ ಈ ವಿಷಯದಲ್ಲಿ ವಾಸಿ, ಎಲೆಯನ್ನು ತಾನೇ ಉದುರಿಸುತ್ತದೆ.

ಉತ್ತರ 3
ದ್ವಿದಳ ಧಾನ್ಯ ತರುವುದು ಸಾರಜನಕವನ್ನು ಮಾತ್ರ. ಅದರಲ್ಲೂ ಜಾಸ್ತಿ ಪಾಲು ಕಾಳಿಗೇ ಹೋಗುತ್ತದೆ. ತೊಗರಿ ಬೇರು ಒಂದು ಆಮ್ಲ ಬಿಟ್ಟು, ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆ ನಿಜ. ಆದರೆ ಮಣ್ಣಿನಲ್ಲಿ ಇಲ್ಲದ ಸತು, ಬೋರಾನ್, ಗಂಧಕ ಯಾವ ಅಕ್ಕಡಿಯಿಂದಲೂ ಬರುವುದಿಲ್ಲ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ನಮ್ಮ ಖುಷ್ಕಿ ಹೊಲಗಳ ತುಂಬಾ ಈ ಮೂರರ ಕೊರತೆಯೇ ಕಂಡಿತ್ತು. ನಿಮ್ಮ ತೆನೆ ಸಣ್ಣಗಾಗಲು ಇದೂ ಕಾರಣ ಇರಬಹುದು. ಗೊಬ್ಬರ ಹಾಕುವ ಮೊದಲೇ, ಹೊಲದ ಹತ್ತು ಕಡೆಯಿಂದ ಮಣ್ಣು ತೆಗೆದು ಬೆರೆಸಿ ಪರೀಕ್ಷೆಗೆ ಕೊಡಿ. ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗದ ಮಣ್ಣು ಬೇಡ.