ಮೂರು ಆಸ್ಪತ್ರೆಯ ಟ್ರಯಲ್‌ಗೆ ಎಕ್ಸೆಲ್ ಸಾಕಾ?

ಪ್ರಶ್ನೆ: ನಮಸ್ತೆ ಸರ್. ಮೆಡಿಕಲ್ ಕಾಲೇಜೊಂದರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಮೂರು ಆಸ್ಪತ್ರೆ ಸೇರಿ ಒಂದು ಟ್ರಯಲ್ ಶುರು ಮಾಡುತ್ತಿದ್ದೇವೆ. ಸುಮಾರು 200 ರೋಗಿಗಳು, ಒಬ್ಬೊಬ್ಬರಿಗೂ 6 ವಿಸಿಟ್. ಹೋಲಿಸುವುದು ಈಗಾಗಲೇ ಬಳಕೆಯಲ್ಲಿರುವ ಎರಡು ಮಾತ್ರೆಗಳನ್ನು. ಯಾವ ಕಂಪನಿಯ ದುಡ್ಡೂ ಇಲ್ಲ. ಡೇಟಾಗೆ ಎಕ್ಸೆಲ್ ಸಾಕು ಅಂತ ಒಬ್ಬರು, ಟ್ರಯಲ್ ಡೇಟಾಗೆಂದೇ ಇರುವ ಓಪನ್‌ಕ್ಲಿನಿಕಾ ಸಾಫ್ಟ್‌ವೇರ್ ಹಾಕಿಸಿ ಅಂತ ಇನ್ನೊಬ್ಬರು, ಅಂಥದೇ ಇನ್ನೊಂದು ರೆಡ್‌ಕ್ಯಾಪ್ ಒಳ್ಳೆಯದು ಅಂತ ಮತ್ತೊಬ್ಬರು. ಪುಕ್ಕಟೆ ಸಾಫ್ಟ್‌ವೇರ್ ಅಂದರೆ ಟ್ರಯಲ್‌ಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಒಪ್ಪುತ್ತಾ?

ಉತ್ತರ (ಕ್ಲಿನಿಕಲ್ ಡೇಟಾ ಮ್ಯಾನೇಜರ್, ಬೆಂಗಳೂರು): ನಮಸ್ಕಾರ ಡಾಕ್ಟರ್. ಮೊದಲ ರೋಗಿ ಸೇರುವ ಮೊದಲೇ ಕೇಳಿದಿರಿ, ಬಹಳ ಸಂತೋಷ. ಅರ್ಧ ದಾರಿಯಲ್ಲಿ ಡೇಟಾ ಬೇರೆ ಕಡೆಗೆ ಸಾಗಿಸುವುದು ತುಂಬಾ ಕಷ್ಟ.

ಎಕ್ಸೆಲ್ ಬೇಡ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 1.1 ಇರಬೇಕಾದ ಕಡೆ ಯಾರೋ 11 ಅಂತ ಹೊಡೆದರು ಅಂದುಕೊಳ್ಳಿ. ಮಾರನೇ ದಿನ ಇನ್ನೊಬ್ಬರು ನೋಡಿ ತಿದ್ದಿದರು. ಹಳೆಯ ಅಂಕಿ ಹೋಯಿತು. ಯಾರು ತಿದ್ದಿದರು, ಯಾವಾಗ, ಏಕೆ, ಏನೂ ಉಳಿಯಲಿಲ್ಲ. ಕಾಗದದ ಫಾರಂ ಆಗಿದ್ದರೆ ಒಂದು ಗೆರೆ ಎಳೆದು, ಹಳೆಯದು ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸಹಿ, ತಾರೀಖು ಹಾಕುತ್ತಿದ್ದೆವು ಅಲ್ವಾ? ಆ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಮಾಡುವುದು ಆಡಿಟ್ ಟ್ರೇಲ್. ಟ್ರಯಲ್ ಸಾಫ್ಟ್‌ವೇರ್ ಅನ್ನಿಸಿಕೊಳ್ಳಲು ಇದು ಇರಲೇಬೇಕು.

ಎಕ್ಸೆಲ್ ತನ್ನಷ್ಟಕ್ಕೆ ಡೇಟಾ ಬದಲಿಸುವುದೂ ಉಂಟು. ಜೀನ್‌ಗಳ ಹೆಸರನ್ನು ಅದು ತಾರೀಖು ಮಾಡಿಬಿಡುತ್ತದೆ ಅಂತ 2020ರಲ್ಲಿ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಹಳೆಯ ಎಕ್ಸೆಲ್ ಫೈಲಿನ 65,536 ಸಾಲುಗಳ ಮಿತಿ ಮೀರಿ, ಸುಮಾರು 16,000 ಕೋವಿಡ್ ಪಾಸಿಟಿವ್ ಕೇಸುಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ನಿಮ್ಮದು ಅಷ್ಟು ದೊಡ್ಡದಲ್ಲ, ನಿಜ. ಆದರೆ 03/04 ಅನ್ನುವುದು ಒಂದು ಕಂಪ್ಯೂಟರ್‌ನಲ್ಲಿ ಏಪ್ರಿಲ್, ಇನ್ನೊಂದರಲ್ಲಿ ಮಾರ್ಚ್ ಆದರೆ ವಿಸಿಟ್‌ಗಳ ಲೆಕ್ಕವೇ ತಪ್ಪುತ್ತದೆ.

ಇನ್ನು ನೀವು ಹೇಳಿದ ಎರಡು ಹೆಸರು. ಓಪನ್‌ಕ್ಲಿನಿಕಾದ ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ, ಹಂಚಬಹುದಾದ) ಆವೃತ್ತಿ 3ನೇ ಸರಣಿಯಲ್ಲೇ ನಿಂತಿದೆ. 4ನೆಯದು ಕಂಪನಿಯ ಹಣ ಕೊಡುವ ಸೇವೆ. ಆ ಹಳೆಯ ಕೋಡನ್ನು ಎತ್ತಿಕೊಂಡು ಸಮುದಾಯವೊಂದು ಮುಂದುವರಿಸುತ್ತಿರುವುದು ಲಿಬ್ರೆಕ್ಲಿನಿಕಾ. ಇವತ್ತು ಹೊಸದಾಗಿ ಹಾಕಿಸುವುದಾದರೆ ಅದನ್ನೇ ನೋಡಿ. ರೆಡ್‌ಕ್ಯಾಪ್ 2004ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಲಾಭಕ್ಕಲ್ಲದ ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿದರೆ ಪುಕ್ಕಟೆ ಸಿಗುತ್ತದೆ. ಆದರೆ ಓಪನ್ ಸೋರ್ಸ್ ಅಲ್ಲ, ನೀವು ಬೇರೆಯವರಿಗೆ ಹಂಚುವಂತಿಲ್ಲ. ಬಳಸುವುದು ಸುಲಭ. ನಿಮ್ಮ ಮೂರರಲ್ಲಿ ಯಾವುದಾದರೂ ಆಸ್ಪತ್ರೆಯಲ್ಲಿ ಅದು ಈಗಾಗಲೇ ಇದ್ದರೆ, ಬೇರೇನೂ ಯೋಚಿಸದೆ ಅದನ್ನೇ ಬಳಸಿ.

ಕಮಿಟಿಯವರು ಸಾಫ್ಟ್‌ವೇರ್‌ನ ಬೆಲೆ ನೋಡುವುದಿಲ್ಲ. ಡೇಟಾ ಎಲ್ಲಿರುತ್ತದೆ, ಯಾರು ನೋಡಬಹುದು, ರೋಗಿಯ ಗುರುತು ಹೊರಗೆ ಹೋಗದ ಹಾಗೆ ಏನು ಮಾಡಿದ್ದೀರಿ, ಇವನ್ನು ಕೇಳುತ್ತಾರೆ. ಎಲೆಕ್ಟ್ರಾನಿಕ್ ದಾಖಲೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ತಂದ ಪಾರ್ಟ್ 11 ನಿಯಮವೂ ಪುಕ್ಕಟೆ, ದುಬಾರಿ ಅಂತ ಭೇದ ಮಾಡುವುದಿಲ್ಲ. 'ವ್ಯಾಲಿಡೇಟ್ ಆಗಿದೆ' (ಸರಿಯಾಗಿ ಕೆಲಸ ಮಾಡುತ್ತದೆ ಅಂತ ಪರೀಕ್ಷಿಸಿ ಖಚಿತಪಡಿಸಿದೆ) ಅನ್ನುವ ಮುದ್ರೆ ಹೊತ್ತು ಯಾವ ಸಾಫ್ಟ್‌ವೇರೂ ಬರುವುದಿಲ್ಲ. ನಿಮ್ಮ ಸರ್ವರ್‌ನಲ್ಲಿ, ನಿಮ್ಮ ಫಾರಂ ಹಾಕಿ ಪರೀಕ್ಷೆ ಮಾಡಿ, ಏನು ಮಾಡಿದಿರಿ, ಏನು ಬಂತು ಅಂತ ಬರೆದಿಡಬೇಕು. ಲಕ್ಷಗಟ್ಟಲೆ ಕೊಟ್ಟು ತಂದರೂ ಈ ಕೆಲಸ ತಪ್ಪದು.

ಪ್ರಶ್ನೆ (ಅದೇ ಡಾಕ್ಟರ್): ರೆಡ್‌ಕ್ಯಾಪ್ ಮೂರು ಕಡೆಯೂ ಇಲ್ಲ ಸರ್. ನಮ್ಮ ಐಟಿ ವಿಭಾಗದಲ್ಲಿ ಇರುವುದು ಒಬ್ಬರೇ, ಅವರೇ ಬಿಲ್ಲಿಂಗ್ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳಬೇಕು. ಲಿಬ್ರೆಕ್ಲಿನಿಕಾ ನಡೆಸಬಹುದಾ?

ಉತ್ತರ: ಅವರು ಅದರ ಸರ್ವರ್ ನಡೆಸಲು ಬೇಕಾದ ಲಿನಕ್ಸ್, ಟಾಮ್‌ಕ್ಯಾಟ್, ಪೋಸ್ಟ್‌ಗ್ರೆಸ್ ಗೊತ್ತಿರುವವರಾಗಿದ್ದು, ವಾರಕ್ಕೆ ಕೆಲವು ಗಂಟೆ ಬಿಡುವು ಮಾಡಿಕೊಳ್ಳುವುದಾದರೆ ಆಗುತ್ತದೆ. ಇಲ್ಲದಿದ್ದರೆ ದಯವಿಟ್ಟು ಬೇಡ. ಹಾಕಿಸುವುದು ದೊಡ್ಡ ವಿಷಯವಲ್ಲ. ಟ್ರಯಲ್ ಮುಗಿಯುವವರೆಗೆ ಭದ್ರತೆಯ ಅಪ್‌ಡೇಟ್ ಹಾಕುತ್ತಿರಬೇಕು, ದಿನಾ ಬ್ಯಾಕಪ್ ಬೇರೆ ಜಾಗಕ್ಕೆ ಹೋಗಬೇಕು. ಆ ಬ್ಯಾಕಪ್‌ನಿಂದ ಡೇಟಾ ನಿಜವಾಗಿ ವಾಪಸ್ ಬರುತ್ತದಾ ಅಂತಲೂ ಆಗಾಗ ನೋಡಬೇಕು. ಈ ಕೊನೆಯದನ್ನು ಬಹಳ ಕಡೆ ಮಾಡುವುದೇ ಇಲ್ಲ. ಜನ ಇಲ್ಲದಿದ್ದರೆ ನಿಮ್ಮ ಕಾಲೇಜಿನಿಂದಲೇ ರೆಡ್‌ಕ್ಯಾಪ್‌ಗೆ ಅರ್ಜಿ ಹಾಕಿ, ಅದಕ್ಕೂ ಸರ್ವರ್ ಬೇಕು ಅನ್ನುವುದು ನೆನಪಿರಲಿ. ಅಥವಾ ಅದನ್ನು ನಡೆಸುತ್ತಿರುವ ಸಂಶೋಧನಾ ಸಂಸ್ಥೆಯೊಂದನ್ನು ಪಾಲುದಾರರಾಗಿ ಸೇರಿಸಿಕೊಳ್ಳಿ. ನನಗೆ ಓಪನ್ ಸೋರ್ಸ್ ಮೇಲೆ ತುಂಬಾ ಪ್ರೀತಿ. ಆದರೂ ರೋಗಿಗಳು ನಂಬಿ ಕೊಟ್ಟ ಮಾಹಿತಿಯನ್ನು ನೋಡುವವರಿಲ್ಲದ ಸರ್ವರ್‌ನಲ್ಲಿ ಇಡಿ ಅಂತ ಹೇಳಲಾರೆ.

ಪ್ರಶ್ನೆ (ಸ್ಟಡಿ ಕೋಆರ್ಡಿನೇಟರ್, ಹುಬ್ಬಳ್ಳಿ): ಸರ್, ಲಿಬ್ರೆಕ್ಲಿನಿಕಾದಲ್ಲಿ ಸಿಆರ್‌ಎಫ್ (ಪ್ರತಿ ರೋಗಿಯ ಮಾಹಿತಿ ತುಂಬುವ ಫಾರಂ) ಮಾಡುವುದು ಹೇಗೆ? ಪ್ರೋಗ್ರಾಮಿಂಗ್ ಬರಲ್ಲ.

ಉತ್ತರ: ಬೇಕಿಲ್ಲ ಮೇಡಂ. ಒಂದು ಎಕ್ಸೆಲ್ ಟೆಂಪ್ಲೇಟ್ ಇದೆ. ಫಾರಂನ ಭಾಗಗಳು, ಪ್ರಶ್ನೆಗಳು, ಉತ್ತರದ ಆಯ್ಕೆಗಳನ್ನು ಅದರಲ್ಲಿ ತುಂಬಿ ಅಪ್‌ಲೋಡ್ ಮಾಡಿದರೆ ಫಾರಂ ಸಿದ್ಧ. ಎಕ್ಸೆಲ್ ಬೇಡ ಅಂದೆ, ಅದು ರೋಗಿಯ ಡೇಟಾಗೆ. ಫಾರಂನ ನಕ್ಷೆ ಬರೆಯಲು ಧಾರಾಳವಾಗಿ ಬಳಸಿ.

ಕಷ್ಟ ಇರುವುದು ಏನು ಕೇಳಬೇಕು ಅನ್ನುವುದರಲ್ಲಿ. 'ಯಾವಾಗಿಂದ ನೋವು?' ಅಂದರೆ 'ಯುಗಾದಿ ಹೊತ್ತಿಗೆ ಶುರುವಾಯ್ತು' ಅನ್ನುತ್ತಾರೆ. ಪೂರ್ತಿ ತಾರೀಖೇ ಬೇಕು ಅಂತ ಫಾರಂ ಹಟ ಹಿಡಿದರೆ ನೀವು ಸುಮ್ನೆ ಒಂದನೇ ತಾರೀಖು ಹಾಕುತ್ತೀರಿ, ಅದು ಸುಳ್ಳು ಡೇಟಾ. ಅದಕ್ಕೇ ತಿಂಗಳು, ವರ್ಷ ಮಾತ್ರ ತೆಗೆದುಕೊಳ್ಳುವ ಅಪೂರ್ಣ ತಾರೀಖಿನ ಬಗೆ ಲಿಬ್ರೆಕ್ಲಿನಿಕಾದಲ್ಲಿದೆ. 'ಗೊತ್ತಿಲ್ಲ' ಮತ್ತು 'ಪರೀಕ್ಷೆ ಮಾಡಿಸಿಲ್ಲ' ಎರಡಕ್ಕೂ ಬೇರೆ ಬೇರೆ ಕೋಡ್ ಇಡಿ, ಖಾಲಿ ಬಿಡಬೇಡಿ. ಹಿಮೋಗ್ಲೋಬಿನ್ 2ರಿಂದ 25ರ ಹೊರಗೆ ಇದ್ದರೆ ಎಚ್ಚರಿಸು ಅನ್ನುವಂಥ ಚೆಕ್‌ಗಳನ್ನು ಮುಖ್ಯವಾದ ಕಡೆ ಮಾತ್ರ ಹಾಕಿ. ಜಾಸ್ತಿ ಹಾಕಿದರೆ ಜನ ಓದದೆ ಓಕೆ ಒತ್ತಲು ಶುರು ಮಾಡುತ್ತಾರೆ. ರೋಗಿಯ ಹೆಸರು, ಫೋನ್ ನಂಬರ್‌ಗೆ ಫಾರಂನಲ್ಲಿ ಜಾಗವೇ ಇರಬಾರದು. ಸ್ಟಡಿ ನಂಬರ್ ಯಾರದ್ದು ಅನ್ನುವ ಪಟ್ಟಿ ಇನ್ವೆಸ್ಟಿಗೇಟರ್ (ಟ್ರಯಲ್ ನಡೆಸುವ ಡಾಕ್ಟರ್) ಹತ್ತಿರ ಬೀಗದಲ್ಲಿರಲಿ.

ಪ್ರಶ್ನೆ (ಅದೇ ಕೋಆರ್ಡಿನೇಟರ್): ಸೀರಿಯಸ್ ಅಡ್ವರ್ಸ್ ಇವೆಂಟ್ (ರೋಗಿಗೆ ಸಾವು, ಆಸ್ಪತ್ರೆ ಸೇರುವಂಥ ಗಂಭೀರ ತೊಂದರೆ) ಆದರೆ ಇದರಲ್ಲೇ ಎಂಟ್ರಿ ಮಾಡಿದರೆ ಸಾಕಾ?

ಉತ್ತರ: ಖಂಡಿತ ಸಾಲದು. ಗಂಭೀರ ಘಟನೆಯನ್ನು ಇನ್ವೆಸ್ಟಿಗೇಟರ್ 24 ಗಂಟೆ ಒಳಗೆ ವರದಿ ಮಾಡಬೇಕು ಅಂತ ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿದೆ. ಸಾಫ್ಟ್‌ವೇರ್‌ನಲ್ಲಿ ಬರೆದದ್ದು ವರದಿ ಆಗುವುದಿಲ್ಲ. ಮೊದಲು ಇನ್ವೆಸ್ಟಿಗೇಟರ್‌ಗೆ ಫೋನ್ ಮಾಡಿ, ಎಥಿಕ್ಸ್ ಕಮಿಟಿಗೆ ವರದಿ ಹೋಗಲಿ, ಎಂಟ್ರಿ ಆಮೇಲೆ.

ಡಾಕ್ಟರ್, ನಿಮಗೆ ಇನ್ನೆರಡು ಮಾತು. ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಮೊದಲ ರೋಗಿ ಸೇರುವ ಮೊದಲೇ ಆಗಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ಮಾಡಿಸುವ ಅವಕಾಶ ಇಲ್ಲ. ಫಾರಂ ಸಿದ್ಧವಾದ ಮೇಲೆ ಐದಾರು ಕಾಲ್ಪನಿಕ ರೋಗಿಗಳನ್ನು ಸೇರಿಸಿ, ಆರೂ ವಿಸಿಟ್ ತುಂಬಿ, ಬೇಕಂತಲೇ ಕೆಲವು ತಪ್ಪು ಹಾಕಿ ತಿದ್ದಿ. ಆ ಡೇಟಾ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಸ್ಟ್ಯಾಟಿಸ್ಟಿಷಿಯನ್‌ಗೆ ಕಳಿಸಿ. 'ಇದರಿಂದ ಪ್ರೋಟೋಕಾಲ್‌ನಲ್ಲಿರುವ (ಟ್ರಯಲ್‌ನ ಯೋಜನೆ ಬರೆದಿಟ್ಟ ದಾಖಲೆಯಲ್ಲಿರುವ) ಟೇಬಲ್‌ಗಳನ್ನು ಮಾಡಬಲ್ಲೆ' ಅಂತ ಅವರು ಹೇಳುವವರೆಗೆ ನಿಜವಾದ ರೋಗಿಗಳನ್ನು ಸೇರಿಸಬೇಡಿ.