ಬೋರ್ಡಿಗೆ ಅರ್ಜೆಂಟ್: ಗೀರು ಬಿದ್ದ ಬಾತ್‌ರೂಂ ಕೌಂಟರ್‌ಟಾಪ್ ಸರಿ ಮಾಡುವುದಕ್ಕೆ ಏನೆನ್ನುವುದು?

[ಬದಿಯಡ್ಕದಿಂದ]
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ನಮ್ಮ ಪೇಟೆಯಲ್ಲಿ ಒಬ್ಬರು ಹಳೇ ಕಲ್ಲಿಗೆ ಪಾಲಿಶ್ ಹಾಕುವ ಅಂಗಡಿ ತೆರೆಯುತ್ತಿದ್ದಾರೆ. ಬಾತ್‌ರೂಮಿನಲ್ಲಿ ವಾಶ್‌ಬೇಸಿನ್ ಕೂರಿಸಿರುತ್ತಾರಲ್ಲ, ಆ ಕಲ್ಲಿಗೆ ಗೀರು ಬಿದ್ದು ಮಸುಕಾಗಿದ್ದರೆ ಕಿತ್ತು ಹಾಕದೆ ಅಲ್ಲೇ ಉಜ್ಜಿ ಸರಿ ಮಾಡಿಕೊಡುತ್ತಾರೆ. ಬೋರ್ಡಿನ ಮಲಯಾಳ ಭಾಗ ಆಗಿದೆ. ಕನ್ನಡಕ್ಕೆ ಅವರ ಮಗ ಮೊಬೈಲಿನಲ್ಲಿ ಹಾಕಿ ತೆಗೆದದ್ದು ‘ಸ್ನಾನಗೃಹ ಪ್ರತಿಮೇಲ್ಭಾಗ ಜೀರ್ಣೋದ್ಧಾರ’. ಇದನ್ನೇ ಬರೆಸಿದರೆ ದೇವಸ್ಥಾನದ ಬ್ರಹ್ಮಕಲಶ ಯಾವಾಗ ಅಂತ ಜನ ಕೇಳಿಯಾರು! ಸಂಜೆಯೊಳಗೆ ಬೋರ್ಡು ಬರೆಯುವವನಿಗೆ ಕೊಡಬೇಕು. ಜಾಗ ಜಾಸ್ತಿ ಇಲ್ಲ.

[ಮಂಜೇಶ್ವರದಿಂದ]
‘ಬಚ್ಚಲುಗಲ್ಲಿಗೆ ಸಾಣೆ’. ಅಚ್ಚ ಕನ್ನಡ ಪದ ಮನೆಯಲ್ಲೇ ಇರುವಾಗ ಪಾಲಿಶ್ ಯಾಕೆ? ಮುಗಿಯಿತು.

[ಪೆರ್ಲದಿಂದ]
ಮುಗಿಯಲಿಲ್ಲ ಮಾಷ್ಟ್ರೇ. ‘ಸಾಣೆ’ ಸಂಸ್ಕೃತದ ‘ಶಾಣ’ದ ತದ್ಭವ. ಅದು ಹೋಗಲಿ, ನಮ್ಮ ಕಡೆ ಸಾಣೆ ಹಿಡಿಯುವುದು ಕತ್ತಿಗೆ. ಬೋರ್ಡು ನೋಡಿದವರು ಹುಲ್ಲು ಕೊಯ್ಯುವ ಕತ್ತಿ ಹಿಡಿದುಕೊಂಡು ಬರುತ್ತಾರೆ. ಬಚ್ಚಲುಗಲ್ಲು ಅಂದರೆ ನಿಂತು ಮೀಯುವ ಹಾಸುಗಲ್ಲು, ಬೇಸಿನ್ ಕೂತಿರುವುದಲ್ಲ. ಅಚ್ಚ ಕನ್ನಡವೇ ಬೇಕೆಂದರೆ ‘ಒಪ್ಪ’ ಇದೆ, ಒಪ್ಪ ಹಾಕುವುದು. ಆದರೆ ಈಗ ಅದು ಯಾರ ಬಾಯಲ್ಲಿದೆ?

ಮೊದಲು ಕೆಲಸ ಏನು ಅಂತ ನೋಡಿ, ಆಮೇಲೆ ಪದ. ಅಮೃತಶಿಲೆ, ಕಡಪ ಕಲ್ಲು ಎರಡೂ ಸುಣ್ಣದ ಅಂಶದ ಕಲ್ಲುಗಳು. ಕಕ್ಕಸು ತೊಳೆಯುವ ಆಸಿಡ್ ಎರಡು ಹನಿ ಸಿಡಿದರೂ ಅಲ್ಲಿ ಹೊಳಪು ಹೋಗಿ ಬೆಳ್ಳಗೆ ಕಲೆ ಕೂರುತ್ತದೆ. ಅದು ಒರೆಸಿದರೆ ಹೋಗುವ ಕೊಳೆ ಅಲ್ಲ, ಕಲ್ಲೇ ಸವೆದದ್ದು. ಅದಕ್ಕೇ ನೀರು ಬಿಟ್ಟುಕೊಂಡು ಡೈಮಂಡ್ ಪ್ಯಾಡಿನಲ್ಲಿ ಉಜ್ಜುತ್ತಾರೆ, ಆಳದ ಗೀರಾದರೆ 50ರ ಒರಟು ಪ್ಯಾಡಿನಿಂದ, ಮೇಲುಮೇಲಿನ ಕಲೆಯಾದರೆ 400ರಿಂದ ಶುರು ಮಾಡಿ 3000ದ ನಯದವರೆಗೆ, ಒಂದು ನಂಬರನ್ನೂ ಹಾರಿಸದೆ, ಯಾಕಂದರೆ ಹಾರಿಸಿದರೆ ಹಿಂದಿನ ಪ್ಯಾಡಿನ ಗೀರು ಬೆಳಕಿಗೆ ಓರೆಯಾಗಿ ನೋಡಿದಾಗ ಹಾಗೇ ಕಾಣುತ್ತದೆ. ಗ್ರಾನೈಟಿಗೆ ಆ ಆಸಿಡ್ ಅಷ್ಟು ತಾಗುವುದಿಲ್ಲ. ಅಲ್ಲಿ ಮಸುಕಾಗಿ ಕಾಣುವುದು ಹೆಚ್ಚಾಗಿ ಗಡಸು ನೀರಿನ ಪೊರೆ. ಸನ್‌ಮೈಕಾ ಹೊದಿಸಿದ ಹಲಗೆಯನ್ನಂತೂ ಉಜ್ಜುವ ಹಾಗೇ ಇಲ್ಲ, ಉಜ್ಜಿದರೆ ಒಳಗಿನ ಚಿತ್ರದ ಕಾಗದವೇ ಎದ್ದು ಬರುತ್ತದೆ. ಹಾಗಾಗಿ ಬೋರ್ಡಿನಲ್ಲಿ ‘ಕಲ್ಲು’ ಇರಲೇಬೇಕು, ಇಲ್ಲದಿದ್ದರೆ ಅಂಗಡಿಯವರಿಗೆ ದಿನಾ ಜಗಳ. ‘ಬೇಸಿನ್ ಕಲ್ಲಿಗೆ ಪಾಲಿಶ್’ ಅನ್ನಿ, ಸಾಕು.

[ಮುಳ್ಳೇರಿಯದಿಂದ]
‘ಮೇಲ್ಮೈ ನವೀಕರಣ’ ಆಗಬಹುದಾ? ‘ಪುನಶ್ಚೇತನ’?

[ಪೆರ್ಲದಿಂದ]
ಮೊದಲನೆಯದು ಪಂಚಾಯತಿನ ಟೆಂಡರಿಗೆ. ಎರಡನೆಯದು ಆಸ್ಪತ್ರೆಗೆ.

[ಮಂಜೇಶ್ವರದಿಂದ]
ಬೇಸಿನ್, ಪಾಲಿಶ್. ಮೂರು ಪದದಲ್ಲಿ ಎರಡು ಇಂಗ್ಲಿಷ್. ಇಲ್ಲಿ ಮಲಯಾಳದ ಕೆಳಗೆ ಒಂದು ಸಾಲು ಕನ್ನಡ ಕಾಣುವುದೇ ಅಪರೂಪ, ಆ ಸಾಲಿನಲ್ಲೂ ಕನ್ನಡದ್ದು ಲಿಪಿ ಮಾತ್ರ ಅಂತಾದರೆ ಏನು ಪ್ರಯೋಜನ? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಬೋರ್ಡು, ಅರ್ಜಿ, ಶಾಲೆ ಅಂತ ಒಂದೊಂದಕ್ಕೂ ಗುದ್ದಾಡಿದ್ದು ಇದಕ್ಕಾ?

[ಪೆರ್ಲದಿಂದ]
ಬೋರ್ಡು ಇಂಗ್ಲಿಷ್, ಅರ್ಜಿ ಅರಬ್ಬಿಯಿಂದ ಬಂದದ್ದು, ಶಾಲೆ ಸಂಸ್ಕೃತ. ಮೀಯಲು ಹೋಗುವಾಗ ನೀವು ಹಿಡಿಯುವ ಬಾಲ್ದಿ ಪೋರ್ಚುಗೀಸರದ್ದು. ಗುದ್ದಾಡಿದ್ದು ಓದಲಿಕ್ಕೆ ಬರುವ ಬೋರ್ಡು ಬೇಕು ಅಂತ, ನಿಘಂಟು ಬಿಡಿಸಿ ನೋಡುವ ಬೋರ್ಡು ಬೇಕು ಅಂತ ಅಲ್ಲ.

[ಮಂಜೇಶ್ವರದಿಂದ]
ಬಾಲ್ದಿಗೂ ಪಾಲಿಶಿಗೂ ನಾಲ್ಕು ನೂರು ವರ್ಷದ ವ್ಯತ್ಯಾಸ ಇದೆ. ಬೆರೆತು ಹೋದ ಪದ ಬೇರೆ, ಸುಮ್ನೆ ನಿನ್ನೆ ಎತ್ತಿಕೊಂಡು ಬಂದ ಪದ ಬೇರೆ.

[ಬದಿಯಡ್ಕದಿಂದ]
ಕೊಟ್ಟಾಯಿತು: ‘ಹಳೇ ಬೇಸಿನ್ ಕಲ್ಲಿಗೆ ಪಾಲಿಶ್. ಗೀರು, ಆಸಿಡ್ ಕಲೆ ತೆಗೆಯುತ್ತೇವೆ.’ ಕೆಳಗೆ ಸಣ್ಣಕ್ಕೆ ‘ಸನ್‌ಮೈಕಾ ಇಲ್ಲ’ ಅಂತ ಅಂಗಡಿಯವರೇ ಸೇರಿಸಿದರು. ‘ಒಪ್ಪ’ ಬರೆದೂ ತೋರಿಸಿದ್ದೆ. ‘ಕೊಪ್ಪ’ ಆಗಬೇಕಿತ್ತಾ ಅಂತ ಕೇಳಿದ ಬರೆಯುವವ.

[ಮಂಜೇಶ್ವರದಿಂದ]
‘ಹಳೇ’ ಅಲ್ಲ, ‘ಹಳೆಯ’. ಬೋರ್ಡಿನಲ್ಲಾದರೂ ಸರಿ ಬರೆಸಿ.

[ಬದಿಯಡ್ಕದಿಂದ]
ಪೇಂಟ್ ಒಣಗಿತು ಮಾಷ್ಟ್ರೇ.