ಸಹಾಯ ಬೇಕು: ಇಂಕೊನೆಲ್ ಚೌಕಟ್ಟಿಗೆ ಬೋರೋಸಿಲಿಕೇಟ್ ಗಾಜು ಕೂರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಂಕೋಲಾ ಕಡೆ ತೆಂಗಿನ ಚಿಪ್ಪಿನ ಇದ್ದಿಲು ಮಾಡುವ ಸಣ್ಣ ಭಟ್ಟಿ ಕಟ್ಟುತ್ತಿದ್ದೇವೆ. ಬಾಗಿಲಿಗೆ 100 ಮಿ.ಮೀ. ಅಗಲದ ದುಂಡು ಬೋರೋಸಿಲಿಕೇಟ್ ಗಾಜು (ಬಿಸಿ ತಡೆಯುವ ಗಾಜು) ಹಾಕಬೇಕು, ಒಳಗೇನಾಗುತ್ತಿದೆ ಅಂತ ನೋಡಲು. ಮಾಮೂಲಿ ಕಬ್ಬಿಣಕ್ಕೆ ನಮ್ಮ ಉಪ್ಪುಗಾಳಿಯಲ್ಲಿ ಬೇಗ ತುಕ್ಕು ಹತ್ತುತ್ತದೆ. ಅದಕ್ಕೇ ಚೌಕಟ್ಟಿಗೆ ಇಂಕೊನೆಲ್ 625 ತಂದಿಟ್ಟಿದ್ದೇವೆ. ದುಬಾರಿ, ಆದರೆ ನಿಕ್ಕಲ್, ಕ್ರೋಮಿಯಂ ಇರುವ ಈ ಲೋಹ ಸಮುದ್ರದ ನೀರಿಗೂ ಜಗ್ಗುವುದಿಲ್ಲ.

ತಲೆನೋವು ಹಿಗ್ಗುವುದರಲ್ಲಿ. ಒಂದು ಡಿಗ್ರಿ ಬಿಸಿಗೆ ಇಂಕೊನೆಲ್ ಹತ್ತು ಲಕ್ಷಕ್ಕೆ ಸುಮಾರು 13 ಪಾಲು ಹಿಗ್ಗಿದರೆ, ಬೋರೋಸಿಲಿಕೇಟ್ 3.3 ಪಾಲು ಮಾತ್ರ. ಬಿಸಿ 300 ಡಿಗ್ರಿ ಏರಿದರೆ ಚೌಕಟ್ಟು 0.4 ಮಿ.ಮೀ. ಹತ್ತಿರ ಅಗಲವಾಗುತ್ತದೆ, ಗಾಜು ಬರೀ 0.1. ಅಂದರೆ ಬಿಸಿಯಲ್ಲಿ ಗಾಜು ಸಡಿಲ, ಹೊಗೆ ಸೋರುತ್ತದೆ. ಸಡಿಲವಾಯಿತು ಅಂತ ಆಗಲೇ ಬೋಲ್ಟ್ ಬಿಗಿದರೆ ತಣಿಯುವಾಗ ಚೌಕಟ್ಟು ಹಿಂಡಿ ಗಾಜು ಒಡೆಯುತ್ತದೆ, ಅಲ್ವಾ? ಇನ್ನೊಂದು, ಗಾಜಿನಲ್ಲಿ ಬಿಸಿ ಹರಿಯುವುದು ತುಂಬಾ ನಿಧಾನ, ನಡುವೆ ಕಾದು ಅಂಚು ತಣ್ಣಗಿದ್ದರೆ ಅಂಚಿನಲ್ಲೇ ಎಳೆತ ಬಿದ್ದು ಬಿರುಕು ಶುರುವಾಗುತ್ತದೆ, ಲೋಹವಾದರೆ ಸ್ವಲ್ಪ ಬಾಗಿ ಸುಧಾರಿಸಿಕೊಳ್ಳುತ್ತದೆ.

ಗಾಜಿಗೆ ನೇರವಾಗಿ ಬೆಸೆಯಲು ಕೋವಾರ್ ಎಂಬ ಮಿಶ್ರಲೋಹ ಇದೆ ಎಂದು ಗೊತ್ತು, ಆದರೆ ಅದೂ ಈ ಗಾಜಿಗಿಂತ ಜಾಸ್ತಿ ಹಿಗ್ಗುತ್ತದೆ, ಮೇಲಾಗಿ ಅದರಲ್ಲಿ ಕಬ್ಬಿಣ ಜಾಸ್ತಿ, ಇಲ್ಲಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಗ್ಯಾಸ್ಕೆಟ್ (ಗಾಜು, ಚೌಕಟ್ಟಿನ ನಡುವಿನ ಸಂದು ಮುಚ್ಚುವ ಮೆತ್ತೆ) ಹಾಕುವುದೇ ದಾರಿ.

ಗ್ರಾಫೈಟ್ ಗ್ಯಾಸ್ಕೆಟ್ ಒಳ್ಳೆಯದೋ, ಸೆರಾಮಿಕ್ ಫೈಬರ್ ಒಳ್ಳೆಯದೋ? ಸುತ್ತ ಎಷ್ಟು ಸಂದು ಬಿಡಬೇಕು? ಬೋಲ್ಟಿಗೆ ಸ್ಪ್ರಿಂಗ್ ವಾಷರ್ ಸಾಕಾ? ಕಾರವಾರ, ಕುಮಟಾ ಕಡೆ ಭಟ್ಟಿ ಅಥವಾ ಬಾಯ್ಲರ್ ಕೆಲಸ ಮಾಡಿದವರಿದ್ದರೆ ದಯವಿಟ್ಟು ಹೇಳಿ, ಸೋಮವಾರ ಚೌಕಟ್ಟು ಕತ್ತರಿಸಲು ಕೊಡಬೇಕು.